ಜಗುಲಿಯ ಮೇಲೆ ಉಳಿದ ಬಿಲ್ಲು

ಟ್ರಂಕಿನ ಮುಚ್ಚಳ ತೆಗೆದರೆ ಮೊದಲು ಬರುವುದು ಲಾವಂಚದ ವಾಸನೆ, ಆಮೇಲೆ ನುಸಿಗುಳಿಗೆಯದು. ಮದುವೆಯ ಸೀರೆ, ಮಗನ ಉಪನಯನದ ಪಂಚೆ, ಯಾರೋ ಕೊಟ್ಟು ಯಾರೂ ಹೊಲಿಸದ ರವಿಕೆ ಕಣಗಳು, ಇವೆಲ್ಲದರ ಅಡಿಯಲ್ಲಿ ನಾನು ಹುಡುಕುತ್ತಿದ್ದ ಶಾಲು. ಹುಬ್ಬಳ್ಳಿಯ ಕಣ್ಣಾಸ್ಪತ್ರೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತದೆ, ಅಪ್ಪನ ಕಿವಿಗೆ ಗಾಳಿ ಬಡಿದರೆ ಆಗುವುದಿಲ್ಲ, ಒಂದು ಶಾಲು ಇರಲಿ ಎಂದು ಮಗ ಹೇಳಿದ್ದ. ಅವನು ಶಿರಸಿ ಪೇಟೆಯ ಈ ಬಾಡಿಗೆ ಮನೆಯ ಯಜಮಾನ. ಹೇಳಿದ್ದನ್ನು ನಾನು ಮಾಡುತ್ತೇನೆ. ಹಾಗಾಗಿ ಟ್ರಂಕಿನ ಮುಂದೆ ಕಾಲು ಚಾಚಿ ಕುಳಿತಿದ್ದೆ.

ಹೊರಗೆ ಜಗುಲಿಯಲ್ಲಿ ಇವರು ವಾದ ಮಾಡುತ್ತಿದ್ದರು. ಇವರು ಎಂದರೆ ನನ್ನ ಯಜಮಾನರು. ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಈ ವಯಸ್ಸಿನಲ್ಲಿ ಶುರು ಮಾಡಿದರೆ ನಾಲಿಗೆ ಒಗ್ಗುವುದೂ ಇಲ್ಲ. ನೀವೂ ಇವರು ಎಂದೇ ತಿಳಿದುಕೊಳ್ಳಿ.

"ನೋಡಕ್ಕಾದ್ದೆಲ್ಲ ನೋಡಿ ಆತು ತಮಾ," ಎನ್ನುತ್ತಿದ್ದರು ಮಗನಿಗೆ. "ಇನ್ನು ಕಾಣದಿದ್ರೆ ನಷ್ಟ ಯಾರಿಗೆ? ಪೊರೆ ತೆಗೆಸಿದ ಮೇಲೆ ಎಂತ ಕಾಣ್ತು ಹೇಳು ನೋಡನ. ಇದೇ ರಸ್ತೆ, ಇದೇ ಧೂಳು. ಅದಕ್ಕೆ ಹುಬ್ಬಳ್ಳಿವರೆಗೆ ಹೋಗಕ್ಕಾ?"

ಮಗ ಏನೋ ಗೊಣಗಿದ. ಅವನು ಸೋತಾಗಿತ್ತು. ಅವನಿಗಿಂತ ಮೊದಲು ಡಾಕ್ಟರು ಸೋತಿದ್ದರು, ಸೊಸೆ ಸೋತಿದ್ದಳು, ಈ ಎಲ್ಲರಿಗಿಂತ ಮೊದಲು ನಾನು ಸೋತಿದ್ದೆ. ಕಣ್ಣು ಮಂಜಾಗಿ ಇವರು ಗೋಡೆ ಹಿಡಿದು ನಡೆಯಲು ಶುರು ಮಾಡಿದ ದಿನದಿಂದ ನಾನು ಹೇಳುತ್ತಲೇ ಇದ್ದೆ. ಕಾರಣ ಕೊಟ್ಟೆ, ಉದಾಹರಣೆ ಕೊಟ್ಟೆ, ಪಕ್ಕದ ಮನೆಯವರ ಕಣ್ಣನ್ನೂ ಮಧ್ಯೆ ತಂದೆ. ಒಂದೊಂದಕ್ಕೂ ಇವರ ಹತ್ತಿರ ಉತ್ತರವಿತ್ತು, ಮತ್ತು ಉತ್ತರ ಚೆನ್ನಾಗಿತ್ತು. ಅದೇ ತೊಂದರೆ. ದಡ್ಡನ ಹಠವಾದರೆ ಬೈದು ಎಬ್ಬಿಸಬಹುದು.

ಶಾಲು ಸಿಕ್ಕಿತು. ಕಂದು ಬಣ್ಣ, ಅಂಚಿಗೆ ಹಸಿರು ಎಳೆ. ಮೂಗಿಗೆ ಹಿಡಿದೆ. ಲಾವಂಚದ ಒಳಗಿನಿಂದ ತವರುಮನೆ ತ್ಯಾಗಲಿಯ ನಮ್ಮಪ್ಪಯ್ಯನ ಎಲೆಯಡಿಕೆ ಕವಳದ ವಾಸನೆ ಬಂದಂತಾಯಿತು. ಇಷ್ಟು ವರ್ಷದ ಮೇಲೆ ಎಲ್ಲಿಂದ ಬರಬೇಕು ಅದು, ನನ್ನ ಭ್ರಮೆ. ಆದರೂ ಮಡಿಲಲ್ಲಿ ಶಾಲು ಹಾಕಿಕೊಂಡು ಅಲ್ಲೇ ಕುಳಿತೆ. ನಿಮಗೆ ಪುರುಸೊತ್ತಿದ್ದರೆ ನೀವೂ ಕುಳಿತುಕೊಳ್ಳಿ. ಒಬ್ಬ ಬಿಲ್ಲುಗಾರನ ಕಥೆ ಹೇಳಬೇಕು.

ಅವನ ಹೆಸರು ಅನಿಲಕೇತು. ಯಾವ ಪುರಾಣದಲ್ಲೂ ಹುಡುಕಬೇಡಿ, ಸಿಗುವುದಿಲ್ಲ. ಹುಲೇಕಲ್ಲಿನ ಒಬ್ಬ ಭಾಗವತಜ್ಜ ತಾಳಮದ್ದಳೆಗೆಂದು ತಾನೇ ಕಟ್ಟಿದ ಪ್ರಸಂಗ ಅದು, ಅವನ ತಲೆಯಲ್ಲೇ ಹುಟ್ಟಿದ ರಾಜ್ಯ, ಅವನ ತಲೆಯಲ್ಲೇ ಹುಟ್ಟಿದ ರಾಜ. ಹೇಮಗಿರಿಯ ದೊರೆ ಅನಿಲಕೇತುವಿಗೆ ಗುರು ಒಂದು ಬಿಲ್ಲು ಕೊಟ್ಟಿದ್ದ. ಆ ಬಿಲ್ಲಿನ ಬಾಣಕ್ಕೆ ಗುರಿ ತಪ್ಪುವುದು ಗೊತ್ತಿಲ್ಲ. ಮೋಡದ ಮರೆಯಲ್ಲಿ ಹಾರುವ ಹದ್ದನ್ನು ರೆಕ್ಕೆಯ ಸಪ್ಪಳದಿಂದಲೇ ಹೊಡೆಯಬಲ್ಲ. ಬೆಟ್ಟ ನುಂಗುವ ರಾಕ್ಷಸರು, ನದಿಯನ್ನೇ ಸುತ್ತಿಕೊಂಡು ಮಲಗಿದ ಹಾವು, ಎಲ್ಲರೂ ಅವನ ಬಾಣಕ್ಕೆ ಬಿದ್ದವರೇ. ಆದರೆ ಬಿಲ್ಲಿಗೊಂದು ಕಟ್ಟು ಇತ್ತು: ಒಮ್ಮೆ ಹೂಡಿದ ಬಾಣ ತಿರುಗಿ ಬತ್ತಳಿಕೆಗೆ ಹೋಗುವಂತಿಲ್ಲ, ಯಾವುದಾದರೂ ಒಂದು ಜೀವವನ್ನು ತಾಗಲೇಬೇಕು. ಅನಿಲಕೇತುವಿಗೂ ಅಂಥದ್ದೇ ಒಂದು ಕಟ್ಟು. ಆಡಿದ ಮಾತನ್ನು ಅವನು ಹಿಂದೆ ತೆಗೆದುಕೊಳ್ಳುವವನಲ್ಲ. ಒಂದು ದಿನ ತುಂಬಿದ ಸಭೆಯಲ್ಲಿ ಸ್ವಂತ ತಮ್ಮ ಅವನನ್ನು ನೋಡಿ ನಕ್ಕ. ನಿನ್ನನ್ನು ಕೊಲ್ಲುತ್ತೇನೆ ಎಂದುಬಿಟ್ಟ ಅನಿಲಕೇತು, ಬಿಲ್ಲಿಗೆ ಬಾಣವನ್ನೂ ಹೂಡಿದ.

ಇಷ್ಟು ಒಳ್ಳೆಯ ಬಿಲ್ಲುಗಾರನಿಗೆ ಇಂಥ ಸಿಟ್ಟನ್ನು ಯಾಕೆ ಇಟ್ಟಿರಿ ಎಂದು ನಾನು ಭಾಗವತಜ್ಜನನ್ನು ಒಮ್ಮೆ ಕೇಳಿದ್ದೆ. ಹೆಣ್ಣುಮಕ್ಕಳು ಹಾಗೆಲ್ಲ ಕೇಳುವ ಕಾಲವಲ್ಲ, ಆದರೆ ಅಜ್ಜ ನಮ್ಮ ಮನೆಯಲ್ಲಿ ವರ್ಷಕ್ಕೆ ಹಲವು ಸಲ ಉಣ್ಣುವವನು, ನಾನು ಬಡಿಸುವವಳು. "ಸಿಟ್ಟು ಇಲ್ದಿದ್ರೆ ಪ್ರಸಂಗ ಹ್ಯಾಂಗೆ ಎದ್ದು ನಿಲ್ತು ಕೂಸೆ?" ಎಂದಿದ್ದ. "ಅಂವ ಬರೀ ಒಳ್ಳೆಯಂವ ಆಗಿದ್ರೆ ನಂಗೆ ಹಾಡೂಲೆ ಎಂತ ಇರ್ತಿತ್ತು?" ಆ ಮಾತನ್ನು ನಾನು ಆಗಾಗ ನೆನೆಯುತ್ತೇನೆ. ಗುರಿ ತಪ್ಪದ ಬಾಣವನ್ನು ನಾವು ಮೆಚ್ಚುತ್ತೇವೆ, ಅಷ್ಟೇ. ಮನಸ್ಸು ಹೋಗಿ ನಿಲ್ಲುವುದು ಅವನು ಹೂಡಿದ ಬಾಣ ಹಿಡಿದುಕೊಂಡು ಏನು ಮಾಡಲೂ ತೋಚದೆ ನಿಂತ ಆ ಗಳಿಗೆಯಲ್ಲಿ. ಅಲ್ಲಿ ನಮ್ಮನೆಯವರೆಲ್ಲ ಒಬ್ಬೊಬ್ಬರಾಗಿ ನಿಂತದ್ದನ್ನು ನಾನು ನೋಡಿದ್ದೇನೆ.

ನಿಮ್ಮ ಕಡೆ ತಾಳಮದ್ದಳೆ ಇಲ್ಲದಿದ್ದರೆ ಎರಡು ಮಾತು ಹೇಳುತ್ತೇನೆ. ವೇಷವಿಲ್ಲ, ಕುಣಿತವಿಲ್ಲ. ಚಾಪೆಯ ಮೇಲೆ ಕುಳಿತು ಭಾಗವತ ಪದ್ಯ ಹಾಡುತ್ತಾನೆ, ಎದುರುಬದುರು ಕುಳಿತವರು ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ, ಎಂದರೆ ತಾವೇ ರಾಜ, ತಾವೇ ಮುನಿ ಆಗಿ ಮಾತಾಡುತ್ತಾರೆ. ಬಾಯಿಪಾಠ ಏನೂ ಇಲ್ಲ, ಎದುರಿನವನು ಏನು ಹೇಳಿದರೂ ಆ ಗಳಿಗೆಗೆ ಉತ್ತರ ಹುಟ್ಟಬೇಕು. ಎಷ್ಟು ಬೇಕಾದರೂ ವಾದ ಮಾಡಬಹುದು. ಆದರೆ ಭಾಗವತ ಮುಂದಿನ ಪದ್ಯ ಎತ್ತಿದನೋ, ವಾದ ಮುಗಿಯಿತು. ಪದ್ಯ ಹೇಳಿದಂತೆ ಕಥೆ ನಡೆಯಬೇಕು. ಎತ್ತಿದ ಪದ್ಯವನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಮತ್ತೆ, ಹಿಡಿದ ಪ್ರಸಂಗವನ್ನು ಮಂಗಳ ಹಾಡದೆ ಬಿಡುವ ಹಾಗಿಲ್ಲ. ಬಿಟ್ಟರೆ ಆ ಮನೆಗೆ ಒಳ್ಳೆಯದಲ್ಲ ಎಂದು ನಮ್ಮವರ ನಂಬಿಕೆ.

ಕರನಿರಾಕರಣೆಯ ಗಲಾಟೆ ತಣ್ಣಗಾಗಿ, ಜೈಲಿಗೆ ಹೋದವರೆಲ್ಲ ಮನೆಗೆ ಬಂದು, ಊರು ಮತ್ತೆ ಮದುವೆ ಮುಂಜಿಯ ಮಾತಾಡಲು ಶುರು ಮಾಡಿದ ಕಾಲ ಅದು. ನನಗೆ ಗಂಡು ನೋಡುತ್ತಿದ್ದರು. ಮಂಚಿಕೇರಿಯ ಕಡೆಯ ಒಂದು ಮಾಣಿಯ ಜಾತಕ ಕೂಡಿ ಬಂತು. ಓದಿದ್ದಾನೆ, ಅದಕ್ಕಿಂತ ಹೆಚ್ಚಾಗಿ ಅರ್ಥ ಹೇಳುತ್ತಾನೆ, ಯಲ್ಲಾಪುರದ ಕಡೆ ಅವನ ಎದುರು ಕೂರಲು ಹಿರಿಯರೇ ಹಿಂಜರಿಯುತ್ತಾರೆ ಎಂಬ ಸುದ್ದಿ. ಈ ಕೊನೆಯ ಮಾತು ಕೇಳಿ ಅಪ್ಪಯ್ಯನಿಗೆ ಕಿವಿ ನಿಮಿರಿತು. ಸಿದ್ದಾಪುರದ ಕಡೆ ಹಾಗೆ ಹೆಸರಾದವರು ಅಪ್ಪಯ್ಯ. ಹೆಣ್ಣು ನೋಡುವುದಕ್ಕೆ ದೇವಕಾರ್ಯದ ದಿನವೇ ಬರಲಿ, ಊಟದ ಮೇಲೆ ಒಂದು ತಾಳಮದ್ದಳೆ ಇಟ್ಟುಕೊಳ್ಳುವ ಎಂದು ಹೇಳಿ ಕಳಿಸಿದರು. ಅಪ್ಪಯ್ಯನ ಅಕ್ಕ ದೊಡ್ಡತ್ತೆ, ನಮ್ಮ ಮನೆಯಲ್ಲೇ ಇದ್ದವಳು, ಆಗಲೇ ಅಂದಳು: "ಹೆಣ್ಣು ನೋಡೂಲೆ ಬಪ್ಪದಾ, ಕುಸ್ತಿ ಆಡೂಲೆ ಬಪ್ಪದಾ?"

ಅವರು ಬಂದರು. ಶಿರಸಿಯ ಇಮಾಮ್ ಸಾಹೇಬರ ಬಸ್ಸನ್ನು ಇಡಿಯಾಗಿ ಗೊತ್ತು ಮಾಡಿಕೊಂಡು ಬಂದಿದ್ದರು. ಸಾಹೇಬರು ತಾವೇ ಬಸ್ಸು ನಡೆಸುವವರು. ತಾಳಮದ್ದಳೆಯ ಹುಚ್ಚು, ಜನರನ್ನು ಇಳಿಸಿ ತಿರುಗಿ ಹೋಗುವ ಬದಲು ನಮ್ಮ ಅಂಗಳದ ಚಪ್ಪರದಲ್ಲೇ ಬೆಂಚು ಎಳೆದುಕೊಂಡು ಕುಳಿತರು. ನಾನು ಪಾನಕದ ಲೋಟಗಳ ಹರಿವಾಣ ಹಿಡಿದು ಹೋದೆ. ಮಾಣಿ ತಲೆ ಎತ್ತಿ ಒಮ್ಮೆ ನೋಡಿದ. ನಾನು ಪಾನಕ ಚೆಲ್ಲಲಿಲ್ಲ, ಅದೇ ನನ್ನ ಆ ದಿನದ ಸಾಧನೆ. ಮುಖ ನೆನಪಿನಲ್ಲಿ ಉಳಿಯಲಿಲ್ಲ, ನಿಜ ಹೇಳುತ್ತೇನೆ. ಉಳಿದದ್ದು ಊಟದ ಮೇಲೆ ಅಡುಗೆಮನೆಯ ಬಾಗಿಲ ಸಂದಿಯಿಂದ ಕೇಳಿದ ದನಿ.

ಪ್ರಸಂಗ ಅನಿಲಕೇತುವಿನದು. ಮಾಣಿ ಅನಿಲಕೇತು, ಅಪ್ಪಯ್ಯ ಅವನ ಗುರು, ಬಾಣ ಹೂಡಿ ನಿಂತ ಶಿಷ್ಯನನ್ನು ತಡೆಯಲು ಬಂದ ಮುನಿ. ಪದ್ಯದ ಪ್ರಕಾರ ಗುರುವಿನ ಮಾತು ಕೇಳಿ ಅನಿಲಕೇತು ತಲೆ ಬಾಗಿಸುತ್ತಾನೆ, ತಮ್ಮನ ಕಡೆಗಿದ್ದ ಬಿಲ್ಲನ್ನು ಆಕಾಶಕ್ಕೆ ತಿರುಗಿಸಿ ಬಾಣ ಬಿಡುತ್ತಾನೆ. ಬಾಣಕ್ಕೆ ಗುರಿ ಬೇಕಲ್ಲ. ತಾನೇ ಗುರಿಯಾಗಿ ಕೈ ಮುಗಿದು ನಿಲ್ಲುತ್ತಾನೆ, ಬಾಣ ಇಳಿದು ಬರುವವರೆಗೂ ಕದಲುವುದಿಲ್ಲ. ಅಲ್ಲಿಗೆ ಕಥೆ ಮುಗಿಯುತ್ತದೆ.

ಅಪ್ಪಯ್ಯ ಗಂಭೀರವಾಗಿ ಶುರು ಮಾಡಿದರು. "ವತ್ಸ, ಒಡಹುಟ್ಟಿದವನನ್ನು ಕ್ಷಮಿಸು."

"ಗುರುಗಳೆ, ಕ್ಷಮೆ ಎನ್ನುವುದು ಕೇಳಿದವನಿಗೆ ಕೊಡುವಂಥದು. ಅವನು ಕೇಳಿದನೆ?"

"ಊರಿನ ಜನ ಬಾಗಿಲು ಹಾಕಿಕೊಂಡು ನಡುಗುತ್ತಿದ್ದಾರೆ, ನೋಡು."

"ನಾನು ಗಡಿ ಕಾಯುತ್ತಿದ್ದಾಗ ಬಾಗಿಲು ತೆರೆದಿಟ್ಟು ಮಲಗಿದವರೂ ಅವರೇ. ಆಗ ಈ ಬಿಲ್ಲು ಯಾರಿಗೂ ಭಯ ಹುಟ್ಟಿಸಲಿಲ್ಲ."

"ಸಿಟ್ಟಿನಲ್ಲಿ ಆಡಿದ ಮಾತಿಗೆ ಕಟ್ಟುಬೀಳಬೇಕೆ?"

"ಆಡಿದ ಮಾತಿಗೆ ಕಟ್ಟುಬೀಳು ಎಂದು ಕಲಿಸಿದವರು ತಾವು. ಸಮಾಧಾನದಲ್ಲಿ ಆಡಿದ ಮಾತಿಗೆ ಮಾತ್ರ ಎಂದು ಅಂದು ಹೇಳಲಿಲ್ಲ. ಗುರುಗಳೆ, ಇನ್ನೊಂದು ಕೇಳುತ್ತೇನೆ. ನನಗೆ ಇಂಥ ಸಿಟ್ಟಿದೆ ಎಂದು ತಮಗೆ ಗೊತ್ತಿತ್ತು. ಗೊತ್ತಿದ್ದೂ ಈ ಬಿಲ್ಲನ್ನು ನನ್ನ ಕೈಗೆ ಕೊಟ್ಟಿರಿ. ಇಂದು ಸಾಯುವವನ ಸಾವಿನಲ್ಲಿ ತಮ್ಮ ಪಾಲು ಎಷ್ಟು?"

ಅಂಗಳದಲ್ಲಿ ಸಾಹೇಬರು "ವಾಹ್" ಎಂದದ್ದು ಕೇಳಿತು. ಅಪ್ಪಯ್ಯನಿಂದ ಮಾತಿಲ್ಲ. ಸಂದಿಯಲ್ಲಿ ಕಣ್ಣಿಟ್ಟೆ. ಅಪ್ಪಯ್ಯ ಪಂಚೆಯ ತುದಿಯಿಂದ ಹಣೆ ಒರೆಸಿಕೊಂಡರು, ಕವಳದ ತಟ್ಟೆಗೆ ಕೈ ಹಾಕಿದರು, ಎಲೆ ತೆಗೆದುಕೊಳ್ಳದೆ ಕೈ ಹಿಂದಕ್ಕೆ ಬಂತು. ನಾನು ಹುಟ್ಟಿದ ಮೇಲೆ ಅಪ್ಪಯ್ಯ ಮಾತಿಲ್ಲದೆ ಕುಳಿತದ್ದನ್ನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ಆದರೆ ಸುಳ್ಳು ಯಾಕೆ, ಆ ಮಾಣಿಯ ಮಾತು ಇನ್ನೂ ಸ್ವಲ್ಪ ಹೊತ್ತು ನಡೆಯಲಿ ಎಂದೂ ಅನ್ನಿಸಿತು.

ಭಾಗವತಜ್ಜ ಅನುಭವಸ್ಥ. ಅಪ್ಪಯ್ಯನ ಮಾನ ಉಳಿಸಲು ಸಟ್ಟನೆ ಮುಂದಿನ ಪದ್ಯ ಎತ್ತಿದ: "ಬಿಲ್ಲ ಬಾಗಿಸಿದ ವೀರ ತಲೆಯ ಬಾಗಿಸಿದ…" ಅಷ್ಟಕ್ಕೆ ಮುಗಿಯಬೇಕಿತ್ತು. ಮಾಣಿ ಕೈ ಎತ್ತಿದ.

"ಭಾಗವತರೆ, ತಡೆಯಿರಿ. ಗುರುಗಳಿಂದ ಉತ್ತರ ಬರದೆ ಈ ತಲೆ ಬಾಗುವುದಿಲ್ಲ."

ಮದ್ದಳೆಯವನ ಕೈ ನಿಂತಿತು. ಅಜ್ಜ ಹಾಡು ನಿಲ್ಲಿಸಿ, ಕೈಯ ತಾಳಗಳನ್ನು ಒಂದರ ಮೇಲೊಂದು ಮಗುಚಿ ಚಾಪೆಯ ಮೇಲಿಟ್ಟ. "ಪದ್ಯ ತಡೆದಂವ್ಗೆ ಆನು ಹಾಡ್ತ್ನಿಲ್ಲೆ" ಎಂದು ಎದ್ದು ಕಾಲು ತೊಳೆಯಲು ಹೋದ. ಮಂಗಳ ಆಗಲಿಲ್ಲ. ಬಂದವರು ಕವಳವನ್ನೂ ಹಾಕದೆ ಬಸ್ಸು ಹತ್ತಿದರು. ಅನಿಲಕೇತು ನಮ್ಮ ಜಗುಲಿಯ ಮೇಲೆ, ಹೂಡಿದ ಬಾಣ ಹೂಡಿದಂತೆ, ಉಳಿದುಬಿಟ್ಟ.

ಇದು ನಗುವ ಮಾತಲ್ಲ. ದೊಡ್ಡತ್ತೆಯಂತೂ ನಗಲಿಲ್ಲ. "ಬಾಣ ಹೂಡಿದ ಬಿಲ್ಲು ಮನೇಲಿ ಇದ್ದು. ಅದು ಇಳಿವವರೆಗೆ ಈ ಮನೇಲಿ ಶುಭಕಾರ್ಯ ಆಗ್ತಿಲ್ಲೆ" ಎಂದು ಸಾರಿಬಿಟ್ಟಳು. ಆಮೇಲೆ ನಡೆದದ್ದೆಲ್ಲ ಬಿಲ್ಲಿನ ತಲೆಗೆ. ಕಾದ ಗಡಿಗೆಯ ಮೇಲೆ ತೆಳ್ಳಗೆ ಹೊಯ್ದ ಸಿಹಿ ತೊಡದೇವು ಎಬ್ಬಿಸುವಾಗ ಅಂಟಿ ಚೂರಾಯಿತು, ಬಿಲ್ಲು. ಹಾಲು ಒಡೆಯಿತು, ಬಿಲ್ಲು. ನನ್ನಮ್ಮ, ಆಯಿ, ಜಗುಲಿ ಸಾರಿಸುವಾಗ ಭಾಗವತರು ಕುಳಿತ ಜಾಗವನ್ನು ಸುತ್ತು ಹಾಕಿ ಸಾರಿಸುತ್ತಿದ್ದಳು. ಯಾಕೆ ಎಂದರೆ, "ಎಂತಕೊ, ಅಲ್ಲಿ ಕಾಲಿಡೂಲೆ ಮನಸ್ಸು ಬತ್ತಿಲ್ಲೆ" ಎಂದಳು. ನಾನು ಮೊದಮೊದಲು ನಗುತ್ತಿದ್ದೆ. ಆಮೇಲೆ ಒಂದು ದಿನ ಕಸ ಗುಡಿಸುವಾಗ ನಾನೂ ಆ ಜಾಗವನ್ನು ಸುತ್ತು ಹಾಕಿದೆ.

ಹಾಗಾದರೆ ಕರೆಸಿ ಮುಗಿಸಬಹುದಿತ್ತಲ್ಲ ಎನ್ನುತ್ತೀರಿ. ಮುಗಿಸಬೇಕಾದವರು ಮೂವರು. ಭಾಗವತಜ್ಜ, ಮಾಣಿ ಬಂದು ತಪ್ಪಾಯಿತು ಎಂದರೆ ಮಾತ್ರ ತಾಳ ಹಿಡಿಯುವೆ ಎಂದ. ಮಾಣಿ, ಉತ್ತರ ಕೇಳಿದ್ದು ತಪ್ಪು ಹ್ಯಾಗಾಗುತ್ತದೆ ಎಂದನಂತೆ. ಅಪ್ಪಯ್ಯ ಏನೂ ಹೇಳಲಿಲ್ಲ. ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಳ್ಳುವಾಗ ಮಾತ್ರ ದನಿ ಕೇಳುತ್ತಿತ್ತು: "ಇಂದು ಸಾಯುವವನ ಸಾವಿನಲ್ಲಿ ತಮ್ಮ ಪಾಲು ಎಷ್ಟು?" ಮಾಣಿಯ ಮಾತನ್ನು ಮಾಣಿಯ ದನಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಉತ್ತರ ಹುಡುಕುತ್ತಿದ್ದಾರೆ ಎಂದು ತಿಳಿದುಕೊಂಡೆವು. ಮೂವರೂ ಪ್ರತಿಭಾವಂತರೇ, ಅದರಲ್ಲಿ ಅನುಮಾನವಿಲ್ಲ. ಮೂವರ ಕೈಯಲ್ಲೂ ಒಂದೊಂದು ಬಿಲ್ಲು.

ನಾನು? ನಾನು ಬಾವಿಕಟ್ಟೆಯಲ್ಲಿ ನೀರು ಸೇದುತ್ತ ಅನಿಲಕೇತುವಿನ ಅರ್ಥ ಹೇಳುತ್ತಿದ್ದೆ. ಎದುರು ಅರ್ಥಕ್ಕೆ ಬಾವಿಯ ರಾಟೆ. ಅದು ಏನು ಕೇಳಿದರೂ ಒಂದೇ ಕೀರಲು ಉತ್ತರ, ಹಾಗಾಗಿ ನಾನೇ ಗೆಲ್ಲುತ್ತಿದ್ದೆ. ಆಯಿ ಒಮ್ಮೆ ಹಿಂದಿನಿಂದ ಬಂದು, "ಎಂತದೇ ಅದು?" ಎಂದಾಗ ಕೊಡಪಾನ ಕೈಜಾರಿ ಬಾವಿಗೆ ಬಿತ್ತು. ಆಯಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಅವಳಿಗೆ ಗೊತ್ತಾಯಿತು.

ಅಷ್ಟರಲ್ಲಿ ಇನ್ನೊಂದು ಸಂಬಂಧ ಬಂತು. ಒಳ್ಳೆಯ ಮನೆ, ಒಳ್ಳೆಯ ಗಂಡು, ಅರ್ಥಗಿರ್ಥ ಹೇಳುವವನಲ್ಲ, ಹೆಚ್ಚು ಮಾತಿಲ್ಲ. ಅಪ್ಪಯ್ಯನಿಗೆ ಆ ಕೊನೆಯ ಗುಣ ಹಿಡಿಸಿತು. ದೀಪಾವಳಿ ಕಳೆದು ನೋಡಲು ಬರುತ್ತಾರೆ ಎಂದಾಯಿತು. ನನಗೆ ಊಟ ಸೇರದಾಯಿತು. ನನ್ನನ್ನು ಯಾರೂ ಕೇಳಲಿಲ್ಲ, ನಾನು ಯಾರಿಗೂ ಹೇಳಲಿಲ್ಲ. ಆ ಒಬ್ಬ ಮಾಣಿಯ ಮೇಲೆ ನನ್ನ ಇಡೀ ಬದುಕು ಹೋಗಿ ನಿಂತಿತ್ತು, ಅವನೋ ಪದ್ಯ ತಡೆದು ಹೋಗಿದ್ದ. ಅವನ ಮೇಲೆ ನನಗೆ ಬಂದ ಸಿಟ್ಟು ಅನಿಲಕೇತುವಿಗೂ ಬಂದಿರಲಿಕ್ಕಿಲ್ಲ.

ಒಂದು ಬೆಳಿಗ್ಗೆ ಇಮಾಮ್ ಸಾಹೇಬರು ಬಂದರು. ಸಿದ್ದಾಪುರದ ಕಡೆ ಯಾರನ್ನೋ ಬಿಟ್ಟು, ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ, ನಮ್ಮ ಮನೆಯವರೆಗೂ ನಡೆದು ಬಂದಿದ್ದರು. ಆಸರಿಗೆ ಕೊಟ್ಟೆವು. ಕುಡಿದು, ಲೋಟ ಕೆಳಗಿಟ್ಟು, ಅಪ್ಪಯ್ಯನಿಗೆ ಅಂದರು:

"ಹೆಗಡೇರೆ, ನಂದೊಂದು ಅರ್ಜಿ ಅದೆ. ಆ ರಾಜಾನ ಬಾಣ ಏನಾಯ್ತು? ಅವತ್ತು ಮನೆಗೆ ಹೋಗಿ ಕಥಿ ಹೇಳ್ದೆ. ಅರ್ಧಕ್ಕೇ ನಿಂತಿತು. ನಮ್ಮ ಮನಿಯೋರು ದಿನಾ ಕೇಳ್ತಾರೆ, ತಮ್ಮ ಉಳಿದನೋ ಸತ್ತನೋ ಅಂತ. ನಾನೇನು ಹೇಳ್ಲಿ?"

ಅಪ್ಪಯ್ಯ ಪದ್ಯದಲ್ಲಿ ಇದ್ದದ್ದನ್ನು ಹೇಳಹೊರಟರು. ಸಾಹೇಬರು ಕೈ ಅಡ್ಡ ಹಿಡಿದರು.

"ಹಂಗಲ್ಲ. ನಿಮ್ಮ ಬಾಯಲ್ಲಿ, ಎದುರು ಕೂತು ಕೇಳ್ಬೇಕು. ಮುಗಿಸಿಕೊಡ್ರಿ. ಕೇಳ್ಕೋತೀನಿ." ಆಮೇಲೆ ಏಳುತ್ತ, ಬೇರೆ ಯಾವುದೋ ವಿಷಯ ಎಂಬಂತೆ: "ಅವತ್ತು ಆ ಹುಡುಗ ನನ್ನ ಪಕ್ಕದ ಸೀಟಲ್ಲೇ ಕೂತಿದ್ದ. ಬರುವಾಗ ಬಾಯಿ ಮುಚ್ಚಿರಲಿಲ್ಲ. ಹೋಗುವಾಗ ಇಲ್ಲಿಂದ ಮಂಚಿಕೇರಿ ಮುಟ್ಟೋವರೆಗೂ ಒಂದು ಮಾತಿಲ್ಲ, ಹೆಗಡೇರೆ. ಒಂದೂ ಇಲ್ಲ."

ಅಪ್ಪಯ್ಯ ಅಂಗಳ ನೋಡುತ್ತ ಕುಳಿತರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಕೊನೆಗೆ, "ಅಡ್ಡಿಲ್ಲೆ ಸಾಹೇಬ್ರೆ, ಕರ್ಕಂಡು ಬನ್ನಿ" ಎಂದರು. ಇಷ್ಟೇ. ಮೂರು ಮನೆಯ ಹಿರಿಯರು ಸೇರಿ ಸಾಧಿಸದಿದ್ದದ್ದು ಇಷ್ಟರಲ್ಲಿ ಆಗಿಹೋಯಿತು. ಅಜ್ಜನನ್ನು ಸಾಹೇಬರು ಹೇಗೆ ಒಪ್ಪಿಸಿದರೋ, ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದೇಬಿಟ್ಟರು. ಮಾಣಿ ಹಿಂದಿನ ಸೀಟಿನಿಂದ ಇಳಿದ. ಇಳಿದವನೇ ಮೊದಲು ಅಜ್ಜನ ಕಾಲು ಮುಟ್ಟಿದ. ಅಜ್ಜ "ಹೂಂ" ಎಂದ.

ಊಟ ಆಯಿತು. ಚಾಪೆ ಹಾಸಿದರು. ಎಲ್ಲರೂ ಕುಳಿತ ಮೇಲೆ ಅಪ್ಪಯ್ಯ ಒಂದು ಮಾತು ಹೇಳಿದರು.

"ಇವತ್ತು ಅನಿಲಕೇತು ಆನು ಹೇಳ್ತೆ. ಗುರು ನೀನು ಹೇಳು."

ಅರ್ಥ ಹೇಳುವವರಲ್ಲಿ ಪಾತ್ರ ಬದಲಾಯಿಸಿಕೊಳ್ಳುವುದು ಇದೆ, ಆದರೆ ನಡುವೆ ಬಿಟ್ಟ ಪ್ರಸಂಗದಲ್ಲಿ ಯಾರೂ ಕೇಳಿದ್ದಿಲ್ಲ. ಮಾಣಿ ಒಂದು ಗಳಿಗೆ ಅಪ್ಪಯ್ಯನ ಮುಖ ನೋಡಿ, ಆಗಲಿ ಎಂದು ತಲೆ ಆಡಿಸಿದ. ದೊಡ್ಡತ್ತೆ ನನ್ನ ಮೊಣಕೈ ಹಿಡಿದುಕೊಂಡಳು. "ಇದು ಯಂಗೆ ಸರಿ ಕಾಣ್ತಿಲ್ಲೆ ಕೂಸೆ" ಎಂದಳು.

ಮಾಣಿ ಗುರುವಾಗಿ ಶುರು ಮಾಡಿದ. ತಮ್ಮನನ್ನು ಕ್ಷಮಿಸು ಎಂದ. "ಅವನು ಕೇಳಿದನೆ?" ಎಂದರು ಅಪ್ಪಯ್ಯ. ಊರು ನಡುಗುತ್ತಿದೆ ಎಂದ. ಬಾಗಿಲು ತೆರೆದಿಟ್ಟು ಮಲಗಿದವರೂ ಅವರೇ ಎಂದರು. ಮಾಣಿಯದೇ ಮಾತುಗಳು, ಒಂದೂ ಬಿಡದೆ, ಆದರೆ ತಿಂಗಳುಗಟ್ಟಲೆ ಬಚ್ಚಲಲ್ಲಿ ಮಸೆದ ಮಾತುಗಳು. ಉತ್ತರ ಹುಡುಕಲಿಕ್ಕೆ ಅಲ್ಲ ಅಪ್ಪಯ್ಯ ಅವನ್ನು ಹೇಳಿಕೊಂಡದ್ದು ಎಂದು ನನಗೆ ಆಗ ತಿಳಿಯಿತು. ಕೊನೆಗೆ ಅದು ಬಂತು.

"ಗೊತ್ತಿದ್ದೂ ಈ ಬಿಲ್ಲನ್ನು ನನ್ನ ಕೈಗೆ ಕೊಟ್ಟಿರಿ. ಇಂದು ಸಾಯುವವನ ಸಾವಿನಲ್ಲಿ ತಮ್ಮ ಪಾಲು ಎಷ್ಟು?"

ಮಾಣಿ ಬಾಯಿ ತೆರೆದ. ಮುಚ್ಚಿದ. ತನ್ನ ಪ್ರಶ್ನೆಗೆ ತನ್ನಲ್ಲೇ ಉತ್ತರವಿಲ್ಲ ಎಂದು ಎಲ್ಲರೆದುರು ಗೊತ್ತಾಗುವುದು ಎಂಥದು, ಅವನ ಕಿವಿ ಕೆಂಪಾದದ್ದು ನನಗೆ ಸಂದಿಯಿಂದ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಆಯಿಯ ಸೌಟು ನಿಂತಿತು. ಭಾಗವತಜ್ಜ ಪದ್ಯ ಎತ್ತಲಿಲ್ಲ, ಬೇಕೆಂದೇ ಕಾದ. ಇನ್ನು ಈ ಮನುಷ್ಯ ಎದ್ದು ಹೋಗುತ್ತಾನೆ, ಬಿಲ್ಲು ಇಲ್ಲೇ ಉಳಿಯುತ್ತದೆ, ದೀಪಾವಳಿ ಕಳೆದು ಮಾತಿಲ್ಲದ ಗಂಡು ಬರುತ್ತಾನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಆಗ ಕೇಳಿದ ದನಿಯನ್ನು ನಾನು ಮೊದಲು ಗುರುತಿಸಲಿಲ್ಲ. ಅಷ್ಟು ಸಣ್ಣಗಿತ್ತು.

"ಅನಿಲಕೇತು, ನಿನ್ನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನೀನು ಹೇಳಿದ್ದೆಲ್ಲ ಸರಿ. ನಿನ್ನ ಸಿಟ್ಟಿನಲ್ಲಿ ನನ್ನ ಪಾಲಿದೆ. ಹೂಡಿದ ಬಾಣ ಒಂದು ಜೀವವನ್ನು ತಾಗಲೇಬೇಕು, ನಾನು ಏನನ್ನು ಕೇಳುತ್ತಿದ್ದೇನೆ ಎಂಬುದೂ ನನಗೆ ಗೊತ್ತು. ಆದರೂ ಕೇಳುತ್ತೇನೆ. ಕಾರಣ ಇಲ್ಲ ನನ್ನ ಹತ್ತಿರ. ಬಿಲ್ಲು ತಿರುಗಿಸು, ಮಗನೇ."

ಅಪ್ಪಯ್ಯ ಮಾಣಿಯ ಕಡೆ ಬಾಗಿ ಕುಳಿತರು. ಆಮೇಲೆ ಅಂದರು, ಅನಿಲಕೇತುವಾಗಿಯೋ ನಮ್ಮಪ್ಪಯ್ಯನಾಗಿಯೋ ನನಗೆ ಇವತ್ತಿಗೂ ಗೊತ್ತಿಲ್ಲ:

"ಗುರುಗಳೆ, ಇದನ್ನು ಮೊದಲೇ ಕೇಳಬಹುದಿತ್ತಲ್ಲ."

ಮೊದಲ ಸಲ ಆ ಗುರುವಿನ ಜಾಗದಲ್ಲಿ ಕುಳಿತವರು ಅಪ್ಪಯ್ಯನೇ ತಾನೆ? ಧರ್ಮ ಹೇಳಿದ್ದರು, ನೀತಿ ಹೇಳಿದ್ದರು, ಊರಿನ ಜನರನ್ನು ತೋರಿಸಿದ್ದರು. ಕೇಳಿರಲಿಲ್ಲ. ವಾದಕ್ಕೆ ಬುದ್ಧಿ ಇದ್ದರೆ ಸಾಕು. ಕೇಳುವುದಕ್ಕೆ, ಅದೂ ಕೊಡಲು ಕಷ್ಟವಾದದ್ದನ್ನು ಕೇಳುವುದಕ್ಕೆ, ಬೇರೆ ಏನೋ ಬೇಕು. ಭಾಗವತಜ್ಜ ಪದ್ಯ ಎತ್ತಿದ. ಅಪ್ಪಯ್ಯ ತಲೆ ಬಾಗಿಸಿದರು. ಆಕಾಶಕ್ಕೆ ಬಾಣ ಬಿಟ್ಟು, ಕೈ ಮುಗಿದು, 'ಇಳಿದು ಬಾ, ನಾನು ಇಲ್ಲೇ ಇದ್ದೇನೆ' ಎಂದು ಅವರು ಹೇಳಿದ ಅರ್ಥವನ್ನು ಕೇಳಿ ಸಾಹೇಬರು ತೋಳಿನಿಂದ ಕಣ್ಣೊರೆಸಿಕೊಂಡರು. ಮಂಗಳ ಆಯಿತು. ದೊಡ್ಡತ್ತೆ ನನ್ನ ಮೊಣಕೈ ಬಿಟ್ಟು, "ಅಂತೂ ಇಳೀತು ಮಾರಾಯ್ತಿ" ಎಂದು ಉಸಿರು ಬಿಟ್ಟಳು. ಅಪ್ಪಯ್ಯ ಎದ್ದು ಒಳಗೆ ಬಂದರು, ನನ್ನ ಮುಖ ನೋಡಿದರು, ಗೂಟದಲ್ಲಿದ್ದ ತಮ್ಮ ಕಂದು ಶಾಲು ತೆಗೆದುಕೊಂಡು ಹೋಗಿ ಮಾಣಿಗೆ ಹೊದೆಸಿದರು. ನನ್ನ ಮದುವೆ ಗೊತ್ತಾದದ್ದು ಹಾಗೆ.

ಆ ದಿನ ಉತ್ತರವಿಲ್ಲ, ಆದರೂ ಕೇಳುತ್ತೇನೆ ಎಂದ ಮಾತು ತಾನಾಗಿ ಬಂತೋ, ಬೇರೆ ದಾರಿ ಕಾಣದೆ ಹೂಡಿದ ಇನ್ನೊಂದು ಬಾಣವೋ ಎಂದು ಇವರನ್ನು ಒಮ್ಮೆ ಕೇಳಿದ್ದೆ. ಎರಡು ಕಡೆಯಿಂದಲೂ ವಾದ ಮಾಡಿ ತೋರಿಸಿದರು, ಎರಡೂ ಸರಿ ಅನ್ನಿಸಿತು. ಅಂದು ಕೇಳಿದವರು ಆಮೇಲೆ ಯಾರನ್ನೂ ಏನನ್ನೂ ಕೇಳಿದ್ದು ನಾನು ಕಾಣೆ. ಬಾಯಾರಿದರೆ ನೀರು ಕೊಡು ಎನ್ನುವವರಲ್ಲ. "ಇಷ್ಟು ಹೊತ್ತಿಗೆ ಮನುಷ್ಯಂಗೆ ಬಾಯಾರಿಕೆ ಆಪ್ದು ಸಹಜ ಅಲ್ದಾ?" ಎನ್ನುತ್ತಾರೆ. ನಾನು ಆ ಸಿದ್ಧಾಂತವನ್ನು ಒಪ್ಪಿ ನೀರು ತಂದುಕೊಡುತ್ತೇನೆ. ಹೀಗೇ ಸಂಸಾರ ನಡೆದಿದೆ, ಚೆನ್ನಾಗಿಯೇ ನಡೆದಿದೆ, ದೂರು ಹೇಳುತ್ತಿಲ್ಲ.

ಜಗುಲಿಯಲ್ಲಿ ಮಾತು ನಿಂತಿತ್ತು. ಮಗ ಬೇಜಾರಾಗಿ ಪೇಟೆಗೆ ಹೋಗಿರಬೇಕು. ಶಾಲು ಹೆಗಲಿಗೆ ಹಾಕಿಕೊಂಡು ಎದ್ದೆ. ಮೊಣಕಾಲು ಹಿಡಿದಿತ್ತು. ಹೊರಗೆ ಬಂದರೆ ಇವರು ಬೆಂಚಿನ ತುದಿಯಲ್ಲಿ ಒಬ್ಬರೇ ಕುಳಿತಿದ್ದರು. ಗೆದ್ದವರು ಕೂರುವ ಹಾಗೆ ಕುಳಿತಿರಲಿಲ್ಲ. ರಸ್ತೆಯ ಕಡೆ ಮುಖ ಮಾಡಿದ್ದರು. ಯಾವುದೋ ಬಸ್ಸು ಹೋಯಿತು, ಅದು ಹೋದ ಎಷ್ಟೋ ಹೊತ್ತಿನ ಮೇಲೆ ಮುಖ ಆ ಕಡೆ ತಿರುಗಿತು. ಇಷ್ಟು ದಿನ ನಾವೆಲ್ಲ ಇವರ ವಾದಕ್ಕೆ ಉತ್ತರ ಹುಡುಕುತ್ತಿದ್ದೆವು.

ಪಕ್ಕದಲ್ಲಿ ಕುಳಿತೆ.

"ಕೇಳ್ತಾ? ನಿಂಗಳ ಮಾತಿಗೆ ನನ್ನ ಹತ್ರ ಉತ್ತರ ಇಲ್ಲೆ," ಎಂದೆ. "ಎಲ್ಲ ಸರಿ. ಆದ್ರೂ ಕೇಳ್ತೆ. ಹುಬ್ಬಳ್ಳಿಗೆ ಹೋಗಿ ಬನ್ನಿ."

ಇವರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ಅರ್ಥಕ್ಕೆ ಮೊದಲು ಹಾಗೇ ಮಾಡುತ್ತಿದ್ದದ್ದು. ನಾನು ಕಾದೆ. ಅರ್ಥ ಬರಲಿಲ್ಲ. ಕೈ ತಡವಿ ಶಾಲಿನ ಅಂಚು ಸಿಕ್ಕಿತು, ಹಸಿರು ಎಳೆಯನ್ನು ಬೆರಳಿನಿಂದ ಗುರುತು ಹಿಡಿಯುವವರ ಹಾಗೆ ಮುಟ್ಟಿ ನೋಡಿದರು.

"ಕಣ್ಣು ಕಟ್ತ ಹೇಳಿ ಹೇಳ್ದ ತಮ," ಎಂದರು ಮಗನ ಮಾತು ನೆನೆದು. "ಎರಡೂ ಕಣ್ಣು ಕಟ್ಟಿ ಮಲಗ್ಸ್ತ ಅಡ. ಯಾರು ಬಂದ, ಯಾರು ಹೋದ, ಗೊತ್ತಾಗ್ತಿಲ್ಲೆ."

ಇದು ಇಷ್ಟು ದಿನದ ವಾದದಲ್ಲಿ ಎಲ್ಲೂ ಬಂದಿರಲಿಲ್ಲ. ಎಲ್ಲ ಕಾರಣಗಳ ಹಿಂದೆ ಇದೊಂದು ಕುಳಿತಿತ್ತು. ಹೋಗುವುದು ಅಪ್ಪ ಮಗ ಇಬ್ಬರೇ, ನಾನು ಮನೆ ನೋಡಿಕೊಂಡು ಇಲ್ಲೇ ಇರುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಆಕಾಶಕ್ಕೆ ಬಾಣ ಬಿಟ್ಟು ಕೈ ಮುಗಿದು ನಿಂತವನಿಗೆ ಹೆದರಿಕೆ ಆಗಿರಲಿಲ್ಲ ಎಂದು ಯಾರು ಹೇಳಿದ್ದು? ಪದ್ಯದಲ್ಲಿ ಅದಿರಲಿಲ್ಲ, ಅಷ್ಟೇ.

ಇವರು ನನ್ನ ಕಡೆ ತಿರುಗಿದರು. ಮುಖ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ನೀನೂ ಬತ್ಯಾ?"

"ಬತ್ತೆ," ಎಂದೆ.

ಒಳಗೆ ಹೋಗಿ ಟ್ರಂಕಿನಿಂದ ನನ್ನದೂ ಎರಡು ಸೀರೆ ತೆಗೆದು, ಇವರ ಚೀಲದಲ್ಲಿ ಪಂಚೆಯ ಪಕ್ಕಕ್ಕೆ ಇಟ್ಟೆ.